ತಿರ್ಜಾ: ಒಂದು ಹೆಸರಿನ ಅರ್ಥ, ಐವರು ಅಕ್ಕತಂಗಿಯರ ಪಾಲು

ಹೀಬ್ರೂ ಭಾಷೆಯ ಹೆಣ್ಣು ಹೆಸರುಗಳಲ್ಲಿ ತಿರ್ಜಾ ಅಪರೂಪದ್ದು. ಹೀಬ್ರೂ ಉಚ್ಚಾರದಲ್ಲಿ ಅದು ‘ತಿರ್ತ್ಸಾ’. ಇಂಗ್ಲಿಷ್ ಬಲ್ಲವರು ತಿರ್ಜಾ, ಥಿರ್ಜಾ ಎಂದು ಬಗೆಬಗೆಯಾಗಿ ಬರೆದಿದ್ದಾರೆ. ಮಕ್ಕಳಿಗೆ ಹೆಸರು ಸೂಚಿಸುವ ಪುಸ್ತಕಗಳು ಇದಕ್ಕೆ ಕೊಡುವ ಅರ್ಥ ‘ಮನಮೆಚ್ಚಿದವಳು’, ‘ಆನಂದ’ ಎಂದು. ಮೆಚ್ಚು, ಒಪ್ಪು ಎಂಬ ಅರ್ಥದ ಧಾತುವಿನಿಂದ ಈ ಪದ ಹುಟ್ಟಿರುವುದರಿಂದ ಅದು ತಪ್ಪೇನೂ ಅಲ್ಲ. ಆದರೆ ಅದು ಅರ್ಧ ಅರ್ಥ ಮಾತ್ರ. ಈ ಹೆಸರಿನ ಹೆಣ್ಣುಮಗಳೊಬ್ಬಳು ಬೈಬಲ್ಲಿನಲ್ಲಿ ಉಳಿದುಕೊಂಡದ್ದು ಯಾರ ಮನಸ್ಸನ್ನೋ ಮೆಚ್ಚಿಸಿದ ಕಾರಣಕ್ಕಲ್ಲ, ಅಪ್ಪನ ಜಮೀನಿನಲ್ಲಿ ಪಾಲು ಕೇಳಿದ ಕಾರಣಕ್ಕೆ.

ಆ ಪ್ರಸಂಗ ಇರುವುದು ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ. ಮನಸ್ಸೆ ಕುಲದ ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಜಾ ಎಂಬ ಐವರು ಹೆಣ್ಣುಮಕ್ಕಳಿದ್ದರು. ಈಜಿಪ್ಟಿನಿಂದ ಹೊರಟ ಜನ ಮರುಭೂಮಿಯಲ್ಲಿದ್ದಾಗಲೇ ಆತ ತೀರಿಕೊಂಡ. ಮುಂದೆ ಸೇರಲಿರುವ ನಾಡಿನ ನೆಲವನ್ನು ಗಂಡಸರ ಲೆಕ್ಕದಲ್ಲಿ ಹಂಚುವ ಸಿದ್ಧತೆ ನಡೆದಾಗ ಈ ಐವರು ಗುಡಾರದ ಬಾಗಿಲಿಗೆ ಬಂದು, ಮೋಶೆಯ, ಯಾಜಕನ, ಕುಲನಾಯಕರ ಮತ್ತು ನೆರೆದ ಇಡೀ ಸಮುದಾಯದ ಎದುರು ನಿಂತು ಪ್ರಶ್ನೆ ಕೇಳಿದರು. ಗಂಡುಮಗ ಇಲ್ಲ ಎಂಬ ಒಂದೇ ಕಾರಣಕ್ಕೆ ತಮ್ಮ ತಂದೆಯ ಹೆಸರು ಅವನ ಕುಲದಿಂದ ಅಳಿಸಿಹೋಗಬೇಕೇ? ತಂದೆಯ ಅಣ್ಣತಮ್ಮಂದಿರ ನಡುವೆ ತಮಗೂ ಭೂಮಿ ಕೊಡಿ ಎಂಬುದು ಅವರ ಬೇಡಿಕೆ. ಮೋಶೆಗೆ ಉತ್ತರ ತಿಳಿಯಲಿಲ್ಲ. ವಿಷಯ ದೇವರ ಬಳಿ ಹೋಯಿತು. ಈ ಹೆಣ್ಣುಮಕ್ಕಳು ಹೇಳುತ್ತಿರುವುದು ನ್ಯಾಯವೇ ಎಂಬ ತೀರ್ಪು ಬಂತು; ಅದೇ ಮುಂದಕ್ಕೂ ಕಾನೂನಾಯಿತು.

ಇಷ್ಟಕ್ಕೇ ಕಥೆಯನ್ನು ನಿಲ್ಲಿಸಿದರೆ ಅದೊಂದು ಸುಲಭವಾದ ವಿಜಯಗಾಥೆಯಾಗಿಬಿಡುತ್ತದೆ. ಆದರೆ ಆ ಕಾನೂನಿನಲ್ಲಿ ಹೆಣ್ಣುಮಗಳಿಗೆ ಪಾಲು ದೊರೆಯುವುದು ಗಂಡುಮಗ ಇಲ್ಲದಿದ್ದಾಗ ಮಾತ್ರ. ಅಣ್ಣತಮ್ಮಂದಿರಿರುವ ಮನೆಯ ಮಗಳಿಗೆ ಅದರಿಂದ ಏನೂ ದಕ್ಕಲಿಲ್ಲ. ಅದೇ ಕಾಂಡದ ಕೊನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ಮತ್ತೆ ಮೋಶೆಯ ಬಳಿಗೆ ಬರುತ್ತಾರೆ. ಈ ಹುಡುಗಿಯರು ಬೇರೆ ಕುಲದವರನ್ನು ಮದುವೆಯಾದರೆ ಭೂಮಿಯೂ ಅವರೊಡನೆ ಹೊರಟುಹೋಗುತ್ತದಲ್ಲ ಎಂಬುದು ಅವರ ಆತಂಕ. ಕುಲದೊಳಗೇ ಮದುವೆಯಾಗಬೇಕೆಂಬ ಷರತ್ತು ಬೀಳುತ್ತದೆ. ಐವರೂ ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳನ್ನೇ ಮದುವೆಯಾಗುತ್ತಾರೆ. ಒಂದು ಕೈಯಿಂದ ಕೊಟ್ಟ ಹಕ್ಕಿಗೆ ಇನ್ನೊಂದು ಕೈಯಿಂದ ಬೇಲಿ ಹಾಕಿದ ಕಥೆಯಿದು. ತಾಲ್ಮುದ್‌ನ ಪಂಡಿತರು ಈ ಐವರನ್ನು ವಿವೇಕಿಗಳೆಂದೂ, ಶಾಸ್ತ್ರವನ್ನು ಅರ್ಥೈಸಬಲ್ಲವರೆಂದೂ ಹೊಗಳಿದರು. ಆದರೂ ಗಂಡುಮಕ್ಕಳಿದ್ದರೆ ಹೆಣ್ಣಿಗೆ ಆಸ್ತಿಯಿಲ್ಲ ಎಂಬ ನಿಯಮವನ್ನು ಧರ್ಮಶಾಸ್ತ್ರ ಬಿಡಲಿಲ್ಲ. ಇಸ್ರೇಲ್ ದೇಶದಲ್ಲಿ ಮಗ-ಮಗಳು ಸಮಾನ ವಾರಸುದಾರರೆಂದು ಸ್ಪಷ್ಟಪಡಿಸಿದ್ದು 1965ರ ಉತ್ತರಾಧಿಕಾರ ಕಾನೂನು, ಅಂದರೆ ಒಂದು ಆಧುನಿಕ ಶಾಸನಸಭೆ. ಹೊಗಳಿಕೆಗೂ ಹಕ್ಕಿಗೂ ನಡುವಿನ ಈ ಅಂತರವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಐವರ ಹೆಸರುಗಳ ಮುಂದಿನ ಬದುಕೂ ಕುತೂಹಲಕರ. ನೋವಾ ಎಂಬುದು ಇಂದು ಅತ್ಯಂತ ಜನಪ್ರಿಯ. ಈ ಶತಮಾನದ ಮೊದಲ ದಶಕದಲ್ಲಿ ಅದು ಇಸ್ರೇಲ್‌ನ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಯುರೋಪಿನ ಹಲವು ದೇಶಗಳಿಗೂ ಹಬ್ಬಿತು. ನಾವೆ ಕಟ್ಟಿದ ನೋಹನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಹೀಬ್ರೂವಿನಲ್ಲಿ ಅವೆರಡರ ಕೊನೆಯ ಅಕ್ಷರಗಳೇ ಬೇರೆ. ಚಿಕ್ಕದು, ಮೃದುವಾದದ್ದು, ಯಾವ ಭಾಷೆಯ ನಾಲಗೆಗೂ ತೊಡಕಾಗದ್ದು ಎಂಬುದು ಅದರ ಗೆಲುವಿಗೆ ನೆರವಾಗಿರಬೇಕು. ಅಕ್ಕನ ಹೆಸರು ಗೆದ್ದಿತು, ತಂಗಿಯದು ಹಿಂದೆ ಉಳಿಯಿತು. ಹೊಗ್ಲಾ ಎಂಬ ಹೆಸರನ್ನಂತೂ ಇಡುವವರು ಕಾಣುವುದೇ ಕಷ್ಟ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ ವರ್ಷಕ್ಕೆ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರುಗಳನ್ನು ಪ್ರಕಟಿಸುವುದೇ ಇಲ್ಲ. ಜನಪ್ರಿಯತೆಯ ಪಟ್ಟಿ ಎಣಿಸುವುದು ತಲೆಗಳನ್ನು, ನೆನಪನ್ನಲ್ಲ. ನೋವಾ ಎಂದು ಕೂಗಿದಾಗ ತಿರುಗಿ ನೋಡುವ ಮಕ್ಕಳು ಲೆಕ್ಕವಿಲ್ಲದಷ್ಟಿದ್ದಾರೆ. ಆ ಹೆಸರಿನ ಹಿಂದೆ ಒಂದು ಅಹವಾಲಿದೆ ಎಂಬುದು ಅವರಲ್ಲಿ ಎಷ್ಟು ಮನೆಗಳ ಮಾತುಕತೆಯಲ್ಲಿ ಬಂದಿದ್ದೀತು?

ತಿರ್ಜಾ ಇಂಗ್ಲಿಷ್ ಓದುಗರ ನಡುವೆ ಪಯಣಿಸಿದ ಬಗೆಯೂ ಇದನ್ನೇ ಹೇಳುತ್ತದೆ. ಸ್ವಿಸ್ ಕವಿ ಸಾಲೊಮೊನ್ ಗೆಸ್ನರ್ 1758ರಲ್ಲಿ ಆಬೆಲನ ಸಾವನ್ನು ಕುರಿತು ಬರೆದ ಜರ್ಮನ್ ಕೃತಿಯಲ್ಲಿ ಅವಳು ಆಬೆಲನ ಹೆಂಡತಿಯಾದಳು. ಆ ಕೃತಿ ಇಂಗ್ಲಿಷಿಗೂ ಬಂದು ಬಹಳ ಓದಿಸಿಕೊಂಡಿತು. ಬೈರನ್ ತಾನು ಕಳೆದುಕೊಂಡ ಪ್ರೀತಿಪಾತ್ರರೊಬ್ಬರನ್ನು ಈ ಹೆಸರಿನ ಮರೆಯಲ್ಲಿಟ್ಟು ಶೋಕಗೀತೆಗಳನ್ನು ಬರೆದ. ಲ್ಯೂ ವಾಲೇಸನ 1880ರ ‘ಬೆನ್-ಹರ್’ ಕಾದಂಬರಿಯಲ್ಲಿ ತಿರ್ಜಾ ಸೆರೆಮನೆಯಲ್ಲಿ ಕುಷ್ಠರೋಗಕ್ಕೆ ತುತ್ತಾಗುವ ತಂಗಿ. ಜಾರ್ಜ್ ಗಿಸ್ಸಿಂಗನ 1887ರ ಕಾದಂಬರಿಯಲ್ಲಿ ಲಂಡನ್ನಿನ ಬಡಾವಣೆಯೊಂದರಲ್ಲಿ ಟೋಪಿ ಸಿಂಗರಿಸುವ ಕೂಲಿಯ ಹುಡುಗಿ. ಚೆಲುವೆ, ನತದೃಷ್ಟೆ, ಮೃತೆ, ರೋಗಿ: ಹೆಸರಿಗೆ ಇವೆಲ್ಲ ಅಂಟಿಕೊಂಡವು. ಸಭೆಯ ನಡುವೆ ನಿಂತು ವಾದಿಸಿದವಳು ಮಾತ್ರ ಮರೆಯಾದಳು. ಮರಗೆತ್ತನೆಯ ಕಲಾವಿದೆ ತಿರ್ಜಾ ಗಾರ್‌ವುಡ್ (1908–1951) ಕೂಡ ದೀರ್ಘಕಾಲ ಚಿತ್ರಕಾರ ಎರಿಕ್ ರಾವಿಲಿಯಸ್‌ನ ಹೆಂಡತಿಯೆಂದೇ ಗುರುತಾಗಿದ್ದಳು. ಅವಳ ಕೃತಿಗಳಿಗೇ ಮೀಸಲಾದ ದೊಡ್ಡ ಪ್ರದರ್ಶನ ಲಂಡನ್ನಿನ ಡಲ್ವಿಚ್ ಚಿತ್ರಶಾಲೆಯಲ್ಲಿ ತೆರೆದದ್ದು 2024ರಲ್ಲಿ.

ಈ ಹೆಸರು ಕೇವಲ ಹೆಣ್ಣಿನದಲ್ಲ, ನೆಲದ್ದೂ ಹೌದು. ಸಮಾರ್ಯ ಕಟ್ಟುವ ಮುನ್ನ ಉತ್ತರದ ಇಸ್ರೇಲ್ ರಾಜ್ಯದ ರಾಜಧಾನಿಯಾಗಿದ್ದುದು ತಿರ್ಜಾ ಎಂಬ ಪಟ್ಟಣವೇ. ಸಮಾರ್ಯದಲ್ಲಿ 1910ರಲ್ಲಿ ದೊರೆತ, ಕ್ರಿಸ್ತಪೂರ್ವ 8ನೆಯ ಶತಮಾನದ ಮಡಕೆಚೂರುಗಳ ಮೇಲೆ ಎಣ್ಣೆ ಮತ್ತು ದ್ರಾಕ್ಷಾರಸದ ಲೆಕ್ಕಗಳಿವೆ. ಅವುಗಳಲ್ಲಿ ನೋವಾ ಮತ್ತು ಹೊಗ್ಲಾ ಊರುಸೀಮೆಗಳ ಹೆಸರುಗಳಾಗಿ ಬರುತ್ತವೆ. ಅಕ್ಕತಂಗಿಯರಿಂದ ನೆಲಕ್ಕೆ ಹೆಸರು ಬಂತೋ, ನೆಲದ ಹೆಸರುಗಳಿಂದ ಅಕ್ಕತಂಗಿಯರ ಕಥೆ ಹುಟ್ಟಿತೋ ಎಂಬುದು ವಿದ್ವಾಂಸರ ಚರ್ಚೆ. ಎರಡರಲ್ಲಿ ಯಾವುದು ನಿಜವಾದರೂ ಹೆಸರೆಂಬುದು ಇಲ್ಲಿ ಹಕ್ಕುಪತ್ರದ ಕೆಲಸ ಮಾಡುತ್ತಿದೆ.

ಹಕ್ಕುಪತ್ರವಾದ ಹೆಸರಿಗೆ ಇನ್ನೊಂದು ಮುಖವೂ ಇದೆ. ಹಳೆಯ ತಿರ್ಜಾ ಇದ್ದ ತಾಣವೆಂದು ಬಹುಪಾಲು ಪುರಾತತ್ವಜ್ಞರು ಒಪ್ಪುವ ತೆಲ್ ಅಲ್-ಫಾರಾ ದಿಬ್ಬ ಇರುವುದು ನಾಬ್ಲಸ್ ಸಮೀಪ, ಆಕ್ರಮಿತ ವೆಸ್ಟ್ ಬ್ಯಾಂಕಿನಲ್ಲಿ. ಅದಕ್ಕೆ ಹತ್ತಿರದಲ್ಲೇ 1949ರಿಂದ ಪ್ಯಾಲೆಸ್ತೀನಿ ನಿರಾಶ್ರಿತರ ಫಾರಾ ಶಿಬಿರವಿದೆ. ಅರಬ್ಬರು ವಾದಿ ಅಲ್-ಫಾರಾ ಎನ್ನುವ ಹಳ್ಳ ಹೀಬ್ರೂ ನಕಾಶೆಗಳಲ್ಲಿ ನಹಲ್ ತಿರ್ಜಾ. ಐವರು ಅಕ್ಕತಂಗಿಯರು ಪಾಲು ಕೇಳಿದ ನೆಲದಲ್ಲಿಯೂ ಆಗಲೇ ಬೇರೆ ಜನ ವಾಸವಾಗಿದ್ದರು ಎಂಬುದನ್ನು ಅದೇ ಗ್ರಂಥ ಮುಚ್ಚಿಡುವುದಿಲ್ಲ. ಅಣ್ಣತಮ್ಮಂದಿರ ಎದುರು ನ್ಯಾಯ ಕೇಳಿದವರ ಬೇಡಿಕೆ ಒಂದು ದಂಡಯಾತ್ರೆಯ ಒಳಗೇ ಇತ್ತು. ಒಂದು ನ್ಯಾಯವನ್ನು ಎತ್ತಿಹಿಡಿಯಲು ಇನ್ನೊಂದು ಅನ್ಯಾಯವನ್ನು ಮರೆಯಬೇಕಿಲ್ಲ. ಎರಡನ್ನೂ ಒಟ್ಟಿಗೆ ಹೇಳುವುದೇ ಪ್ರಾಮಾಣಿಕ ಓದು.

ಇದೇ ಗ್ರಂಥವನ್ನು ಪವಿತ್ರವೆಂದು ಓದುವ ಕೇರಳದ ಕ್ರೈಸ್ತರ ನಡುವೆ ಐವರ ಪ್ರಶ್ನೆ 20ನೆಯ ಶತಮಾನದಲ್ಲಿ ಮತ್ತೆ ಎದ್ದಿತು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾನೂನಿನ ಪ್ರಕಾರ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಹೂಡಿದ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟಳೆಯನ್ನು ಬದಿಗೆ ಸರಿಸಿತು.

ಹಿಂದೂ ಕುಟುಂಬಗಳ ಕಟ್ಟಳೆಯ ಬೇರು ಇರುವುದಂತೂ ಕನ್ನಡ ನೆಲದಲ್ಲೇ. ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ತತ್ವವನ್ನು ಭಾರತದ ಬಹುಭಾಗಕ್ಕೆ ಕೊಟ್ಟ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ, ಮುಂದೆ ಶರಣರು ಸೇರಿದ ಅದೇ ಕಲ್ಯಾಣ. ಅದನ್ನು ತಿದ್ದುವ ಕೆಲಸದಲ್ಲಿ ಕರ್ನಾಟಕ ಮೊದಲಿಗರ ಸಾಲಿನಲ್ಲೇ ಇತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಮಗಳನ್ನೂ ಸಹಭಾಗಿಯಾಗಿಸಿತು. ಆದರೆ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಇರಲಿಲ್ಲ. ಮಗಳ ಹಕ್ಕೂ ಹುಟ್ಟಿನಿಂದಲೇ ಬರುವಂಥದ್ದು, ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೀಗೆ ಕಾನೂನು ಅರಣ್ಯಕಾಂಡವನ್ನು ದಾಟಿ ಮುಂದೆ ಬಂದಿದೆ. ಹಿಂದೆ ಉಳಿದಿರುವುದು ಮನೆಗಳು. ‘ಅರಿಸಿನ ಕುಂಕುಮಕ್ಕೆ’ ಎಂದು ಸಣ್ಣ ಮೊತ್ತ ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ರೂಢಿ ಇನ್ನೂ ಸತ್ತಿಲ್ಲ. ಹೊರದೇಶದಲ್ಲಿರುವ ಮಗಳ ಮೇಲಂತೂ ಒತ್ತಡ ಇಮ್ಮಡಿ. ಡಾಲರ್ ಎಣಿಸುವವಳಿಗೆ ಎರಡೆಕರೆ ಯಾಕೆ, ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಮಾತು ಅವಳ ಕಿವಿಗೆ ಬೀಳುತ್ತದೆ. ಅವಳು ಭಾರತದ ದೂತಾವಾಸಕ್ಕೆ ಹೋಗಿ ಪವರ್ ಆಫ್ ಅಟಾರ್ನಿಗೆ ಮುದ್ರೆ ಹಾಕಿಸಿ ಕಳಿಸುತ್ತಾಳೆ. ಅನಿವಾಸಿಗಳು ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಇಲ್ಲದೆ ಭಾರತದಲ್ಲಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ವಾರಸಿನಿಂದ ಮಾತ್ರ ಪಡೆಯಬಹುದು. ಅಂದರೆ ಅವಳು ಒಮ್ಮೆ ಬಿಟ್ಟುಕೊಟ್ಟ ಹೊಲವನ್ನು ಮುಂದೆ ದುಡ್ಡು ಕೊಟ್ಟು ಹಿಂಪಡೆಯುವ ದಾರಿಯೂ ಬಹುತೇಕ ಮುಚ್ಚಿರುತ್ತದೆ. ಅಣ್ಣನೂ ಅದೇ ಡಾಲರಿನ ದೇಶದಲ್ಲಿದ್ದರೆ ಅವನನ್ನು ಯಾರೂ ಆ ಪ್ರಶ್ನೆ ಕೇಳುವುದಿಲ್ಲ.

ಈ ಅಣ್ಣಂದಿರಲ್ಲಿ ಅನೇಕರು ಪ್ರಗತಿಪರರು. ಜಾತಿಯ ವಿರುದ್ಧ, ಯುದ್ಧದ ವಿರುದ್ಧ ಸಹಿ ಹಾಕುವವರು. ತಮ್ಮ ಮಗಳಿಗೆ ಜಾತಿಯ ಗುರುತಿಲ್ಲದ, ಯಾವ ದೇಶದಲ್ಲೂ ಸಲ್ಲುವ ಅಪರೂಪದ ಹೆಸರನ್ನು ತಿಂಗಳುಗಟ್ಟಲೆ ಹುಡುಕುವವರು. ಆ ಕಾಳಜಿ ಸುಳ್ಳಲ್ಲ. ಆದರೆ ಮಗಳ ಹೆಸರಿಗೆ ಕೊಟ್ಟ ಗಮನವನ್ನು ತಂಗಿಯ ಪಾಲಿಗೂ ಕೊಡದಿದ್ದರೆ ಅದು ತಾಲ್ಮುದ್ ಪಂಡಿತರ ಹೊಗಳಿಕೆಯಂತೆಯೇ ಉಳಿಯುತ್ತದೆ. ಬಿಡುಗಡೆ ಪತ್ರದ ಕರಡು ಊರಿನಿಂದ ಬಂದಾಗ, ತಂಗಿ ಬಾಯಿಬಿಟ್ಟು ಕೇಳುವ ಮುನ್ನವೇ ಅದು ಬೇಡವೆನ್ನಬೇಕಾದವನು ಅಣ್ಣ. ಕೇಳುವ ಹೊರೆಯನ್ನು ಪ್ರತಿ ಸಲವೂ ಹೆಣ್ಣಿನ ಮೇಲೆ ಹಾಕಿ, ಕೇಳಿದವಳನ್ನು ಧೈರ್ಯವಂತೆ ಎಂದು ಕೊಂಡಾಡುವುದು ನ್ಯಾಯವಲ್ಲ.

ಯಾವುದೋ ಮನೆಯಲ್ಲಿ ಇಂದು ಒಂದು ಮಗುವಿಗೆ ತಿರ್ಜಾ ಎಂದೋ ನೋವಾ ಎಂದೋ ಹೆಸರಿಟ್ಟರೆ, ಅದರ ಅರ್ಥ ಕೇಳಿದವರಿಗೆ ‘ಆನಂದ’ ಎಂದಷ್ಟೇ ಹೇಳಿ ಸುಮ್ಮನಾಗಬೇಕಿಲ್ಲ. ಪಾಲು ಕೇಳಿದ ಐವರಲ್ಲಿ ಒಬ್ಬಳ ಹೆಸರಿದು ಎಂದೂ ಹೇಳಬಹುದು. ಮಗಳ ಹೆಸರು ಯಾವುದೇ ಇರಲಿ, ಅದು ಜನಪ್ರಿಯತೆಯ ಪಟ್ಟಿಯಲ್ಲಿ ಎಷ್ಟನೆಯದು ಎಂಬುದಕ್ಕಿಂತ, ಅಪ್ಪನ ಹೊಲದ ಪಹಣಿಯಲ್ಲಿ ಇದೆಯೇ ಇಲ್ಲವೇ ಎಂಬುದು ದೊಡ್ಡ ಪ್ರಶ್ನೆ.