ಪಾದವೆತ್ತದ ನಡಿಗೆ

ಶರೀರದ ದುಡಿಮೆ ಬೇರೆ, ಶರೀರದ ವ್ಯಾಯಾಮ ಬೇರೆ. ಇವೆರಡನ್ನೂ ಒಂದೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊಳಕಾಲ್ಮುರಿನ ರೇಷ್ಮೆಸೀರೆಯ ನೇಕಾರರನ್ನೇ ನೋಡೋಣ. ಗುಂಡಿಮಗ್ಗದ ಮುಂದೆ ಕುಳಿತು, ಕಾಲುಗಳನ್ನು ಗುಂಡಿಯೊಳಕ್ಕೆ ಇಳಿಬಿಟ್ಟು, ಹಗಲೆಲ್ಲ ಹಲಗೆ ತುಳಿಯುತ್ತ ಲಾಳಿಯನ್ನು ಓಡಿಸುವವರಿಗೆ “ನೀವು ವ್ಯಾಯಾಮ ಮಾಡಬೇಕು” ಎಂದರೆ ಅವರು ನಕ್ಕಾರು. ಸಂಜೆಯ ವೇಳೆಗೆ ಸೊಂಟವೂ ಕುತ್ತಿಗೆಯೂ ನೋಯುತ್ತಿರುವಾಗ ಇನ್ನಾವ ವ್ಯಾಯಾಮ ಎಂದು ಕೇಳಿಯಾರು. ಆದರೆ ಅದು ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತ ಸ್ನಾಯುಗಳ ದಣಿವು. ಹೃದಯವೂ ಶ್ವಾಸಕೋಶಗಳೂ ಅಷ್ಟು ಹೊತ್ತು ಹೆಚ್ಚುಕಡಮೆ ಆರಾಮವಾಗಿಯೇ ಇರುತ್ತವೆ. ತೊಡೆ, ಪೃಷ್ಠಗಳ ದೊಡ್ಡ ಸ್ನಾಯುಗಳು ಎಡೆಬಿಡದೆ ಚಲಿಸಿ, ಉಸಿರು ಕೊಂಚ ಬಿರುಸಾಗದ ಹೊರತು ಹೃದಯಕ್ಕೆ ವ್ಯಾಯಾಮವಾಯಿತೆನ್ನಲಾಗದು.

ಈ ವ್ಯತ್ಯಾಸ ಎಷ್ಟು ಮಹತ್ವದ್ದೆಂಬುದು 1953ರಲ್ಲಿ ಲೋಕಕ್ಕೆ ಸ್ಪಷ್ಟವಾಯಿತು. ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿದರು. ದಿನವೆಲ್ಲ ಕುಳಿತಿರುತ್ತಿದ್ದ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತಗಳು ಕಡಮೆಯಾಗಿದ್ದವು. ಒಂದೇ ಬಸ್ಸು, ಒಂದೇ ಊರು. ಎದ್ದು ಕಾಣುತ್ತಿದ್ದ ಭೇದ ಕಾಲುಗಳ ಚಲನೆಯದು.

ನಮ್ಮ ಬಯಲುಸೀಮೆಯಲ್ಲಿ ಈ ಚಲನೆಗೆ ಹಿಂದೆ ಕೊರತೆಯಿರಲಿಲ್ಲ. ಚಳ್ಳಕೆರೆಯ ಸುತ್ತಣ ಕಾವಲುಗಳಲ್ಲಿ ದನಕುರಿಗಳನ್ನು ಮೇಯಿಸುವವರು ದಿನಕ್ಕೆ ಹರಿದಾರಿಗಟ್ಟಲೆ ನಡೆಯುತ್ತಿದ್ದರು. ಸಂತೆಗೂ ಹೊಲಕ್ಕೂ ಕಾಲುಗಳೇ ವಾಹನವಾಗಿದ್ದವು. ಇಂದು ಚಳ್ಳಕೆರೆಯು ಎಣ್ಣೆಗಿರಣಿಗಳ ಪಟ್ಟಣ. ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ ಎದ್ದಿದೆ. ಗುಮಾಸ್ತರು, ವರ್ತಕರು, ಉಪಾಧ್ಯಾಯರು ಮನೆಯಿಂದ ಕೆಲಸಕ್ಕೆ ಬೈಕಿನ ಮೇಲೆ ಹೋಗುತ್ತಾರೆ, ಬೈಕಿನ ಮೇಲೆಯೇ ಹಿಂದಿರುಗುತ್ತಾರೆ. ಕಾಲುಗಳಿವೆ, ಅವುಗಳಿಗೆ ಕೆಲಸವಿಲ್ಲ. ನಡೆಯೋಣವೆಂದರೆ ಬೇಸಗೆಯ ಬಿಸಿಲು ಬೆಳಿಗ್ಗೆ ಒಂಬತ್ತು ಗಂಟೆಗೇ ತಲೆಯನ್ನು ಸುಡುತ್ತದೆ. ಐವತ್ತು ದಾಟಿದವರಾದರೆ ಮಂಡಿಯ ನೋವೂ ಅಡ್ಡಬರುತ್ತದೆ. ಹೆಸರಿನಲ್ಲಿಯೇ ಮೊಳಕಾಲನ್ನು ಇಟ್ಟುಕೊಂಡ ತಾಲ್ಲೂಕಿನಲ್ಲಿ ಮೊಳಕಾಲಿನ ಮಾತನ್ನು ಅಲಕ್ಷ್ಯ ಮಾಡುವುದು ಸರಿಯಲ್ಲ.

ಇಂಥವರಿಗೆ ಉಪಯುಕ್ತವಾಗಬಲ್ಲ ಸಾಧನವೊಂದಿದೆ. ಅದೇ ಎಲಿಪ್ಟಿಕಲ್ ಟ್ರೈನರ್. 1995ರಲ್ಲಿ ಅಮೆರಿಕದ ಪ್ರಿಕೋರ್ ಸಂಸ್ಥೆಯು ಈ ಬಗೆಯ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಎರಡು ಹಲಗೆಗಳಿವೆ. ನಿಂತುಕೊಂಡು ಅವನ್ನು ತುಳಿಯಬೇಕು. ಹಲಗೆಗಳು ಭಾರವಾದ ಗಾಲಿಯೊಂದಕ್ಕೆ ಜೋಡಣೆಯಾಗಿವೆ. ಪಾದವು ವೃತ್ತದಲ್ಲಿ ಸುತ್ತದೆ, ಚಪ್ಪಟೆಯಾದ ದೀರ್ಘವೃತ್ತದಂಥ ಪಥದಲ್ಲಿ ಸಾಗುತ್ತದೆ. ಹೆಸರು ಬಂದುದು ಇದರಿಂದಲೇ. ಅನೇಕ ಯಂತ್ರಗಳಲ್ಲಿ ಕೈಗಳಿಗೂ ಹಿಡಿಕೋಲುಗಳಿದ್ದು, ತೋಳು, ಎದೆ, ಬೆನ್ನುಗಳೂ ಕಾಲಿನೊಡನೆ ದುಡಿಯುತ್ತವೆ. ಗಾಲಿಗೆ ಒಡ್ಡುವ ತಡೆಯನ್ನು ಬೇಕಾದಂತೆ ಹೆಚ್ಚಿಸಬಹುದು, ತಗ್ಗಿಸಬಹುದು.

ಇದರ ಮುಖ್ಯ ಗುಣವೇನು? ಪಾದವು ಹಲಗೆಯನ್ನು ಬಿಟ್ಟು ಮೇಲೇಳುವುದೇ ಇಲ್ಲ. ಓಡುವಾಗ ಪಾದವು ಪ್ರತಿ ಹೆಜ್ಜೆಗೂ ಗಾಳಿಯಿಂದ ನೆಲಕ್ಕೆ ಅಪ್ಪಳಿಸುತ್ತದೆ. ಆಗ ನೆಲವು ಕಾಲಿಗೆ ಕೊಡುವ ಮರುತಳ್ಳು ಶರೀರದ ತೂಕದ ಎರಡರಿಂದ ಮೂರು ಪಟ್ಟು ಆಗುತ್ತದೆ. ಈ ಯಂತ್ರದ ಮೇಲೆ ಅಂಥ ಪೆಟ್ಟಿಲ್ಲ. ಆದರೂ ಸರಿಯಾದ ತಡೆಯೊಡನೆ ತುಳಿದರೆ ಹೃದಯದ ಬಡಿತವೂ ಆಮ್ಲಜನಕದ ಬಳಕೆಯೂ ಓಟದ ಮಟ್ಟಕ್ಕೆ ಏರಬಲ್ಲವು. ಶ್ರಮ ಓಟದಷ್ಟು, ಪೆಟ್ಟು ಓಟಕ್ಕಿಂತ ಬಹಳ ಕಡಮೆ: ಇದೇ ಅದರ ಪ್ರಯೋಜನದ ಸಾರ.

ಹಾಗೆಂದು ಇದನ್ನು ಸರ್ವರೋಗ ಪರಿಹಾರಕವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಮೂಳೆಗಳು ಗಟ್ಟಿಯಾಗಲು ನೆಲದ ತಾಡನವೂ ಕೊಂಚ ಬೇಕು. ಆದುದರಿಂದ ಎಳೆಯರು ಓಟ, ಕುಣಿತ, ಕಬಡ್ಡಿಗಳನ್ನು ಬಿಡಬಾರದು. ಯಂತ್ರದ ಮುಖದಲ್ಲಿ ಮೂಡುವ ಕ್ಯಾಲೊರಿಗಳ ಸಂಖ್ಯೆಯೂ ಕೇವಲ ಅಂದಾಜು. ಅದನ್ನು ನಂಬಿ ಎರಡು ಹೋಳಿಗೆ ಹೆಚ್ಚಾಗಿ ತಿನ್ನುವುದು ವಿವೇಕವಲ್ಲ. ಹಲಗೆಗಳ ಹೆಜ್ಜೆಯಳತೆ ಕುಳ್ಳಗಿನವರಿಗೆ ಉದ್ದವಾಗಬಹುದು. ಮೊದಲು ನಿಂತು ನೋಡಬೇಕು. ಸೀರೆ, ಪಂಚೆಗಳ ಅಂಚು ಗಾಲಿಗೆ ಸಿಲುಕದಂತೆ ಎಚ್ಚರಿಕೆ ಅಗತ್ಯ. ಹೃದ್ರೋಗವಿದ್ದವರು ವೈದ್ಯರ ಸಲಹೆಯಿಲ್ಲದೆ ತೊಡಗಬಾರದು.

ಇನ್ನೊಂದು ಭ್ರಮೆಯನ್ನೂ ನಿವಾರಿಸಬೇಕಾಗಿದೆ. ನಾಡಿನ ಅನೇಕ ಉದ್ಯಾನಗಳಲ್ಲಿ ಎರಡು ಕಾಲುಗಳನ್ನೂ ಉಯ್ಯಾಲೆಯಂತೆ ತೂಗುವ ಉಪಕರಣಗಳನ್ನು ನಿಲ್ಲಿಸಿದ್ದಾರೆ. ಅವು ನೋಟಕ್ಕೆ ಎಲಿಪ್ಟಿಕಲ್ಲಿನಂತೆಯೇ ಕಂಡರೂ ವಸ್ತುತಃ ಲೋಲಕಗಳು. ಲೋಲಕವು ತನ್ನ ಲಯಕ್ಕೆ ತಾನೇ ತೂಗುತ್ತದೆ. ತಡೆಯಿಲ್ಲದ ಕಡೆ ಸ್ನಾಯುವಿಗೆ ದುಡಿಮೆ ಅಲ್ಪ. ಕೀಲುಗಳ ಸಡಿಲಿಕೆಗೆ ಅದು ಸರಿ, ಹೃದಯಕ್ಕೆ ಸಾಲದು. ಸಾರ್ವಜನಿಕ ಹಣದಿಂದ ಉಪಕರಣ ಕೊಳ್ಳುವವರು, ತಡೆಯನ್ನು ಹೊಂದಿಸಬಹುದಾದ ಯಂತ್ರ ಒಂದೆರಡನ್ನಾದರೂ ನೆರಳಿರುವ ಕಟ್ಟಡದಲ್ಲಿ ಇರಿಸಿ, ಹೆಂಗಸರಿಗೂ ಅನುಕೂಲವಾದ ವೇಳೆಯನ್ನು ಗೊತ್ತುಮಾಡಬೇಕೆಂದು ನಮ್ಮ ಅಭಿಪ್ರಾಯ. ಮನೆಮನೆಗೂ ಒಂದು ಯಂತ್ರ ಅಗತ್ಯವಲ್ಲ; ಕೊಂಡ ಮೇಲೆ ಅದು ಬಟ್ಟೆ ಒಣಹಾಕುವ ಕಂಬವಾಗುವುದೇ ಹೆಚ್ಚು.

ಎಷ್ಟು ಹೊತ್ತು ಮಾಡಬೇಕು? ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಲ್ಲದೆ ವಾರದಲ್ಲಿ ಎರಡು ದಿನ ಸ್ನಾಯುಬಲದ ವ್ಯಾಯಾಮವೂ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಮಾಡಿದರೆ ಕನಿಷ್ಠ ಲೆಕ್ಕ ತುಂಬುತ್ತದೆ. ಮಾತನಾಡಲು ಸಾಧ್ಯ, ಹಾಡಲು ಸಾಧ್ಯವಿಲ್ಲ ಎಂಬಷ್ಟು ಉಸಿರು ಬಿರುಸಾಗಿದ್ದರೆ ಶ್ರಮ ಹಿತಮಿತವಾಗಿದೆಯೆಂದು ತಿಳಿಯಬಹುದು. ಹೊಸಬರು ಐದು ನಿಮಿಷದಿಂದ ಆರಂಭಿಸಲಿ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಲಭ್ಯ ಎಂಬುದು ಅದರ ಒಂದು ಆಶಯ. ಅಲ್ಲಿಯ ಮಾತು ಧರ್ಮದ ಪ್ರಯತ್ನವನ್ನು ಕುರಿತದ್ದು. ಆದರೂ ದೇಹದ ವಿಷಯದಲ್ಲಿ ಅದು ಅಷ್ಟೇ ನಿಜ. ಫಲ ಶ್ರಮದ್ದೇ ಹೊರತು ಯಂತ್ರದ್ದಲ್ಲ. ಮಂಡಿ ಗಟ್ಟಿಯಿರುವವರಿಗೆ ಮುಂಜಾನೆಯ ಬಿರುಸುನಡಿಗೆ ಕಾಸಿಲ್ಲದೆ ದೊರೆಯುತ್ತದೆ. ಮಂಡಿ ಸೋತವರಿಗೂ ಬಿಸಿಲು ತಡೆಯಲಾರದವರಿಗೂ ಈ ಪಾದವೆತ್ತದ ನಡಿಗೆಯಿದೆ. ಎರಡರಲ್ಲಿ ಒಂದನ್ನು ನೇಕಾರರೂ ವರ್ತಕರೂ ನಾಳೆಯೇ ಹಿಡಿಯಲಿ.