ಹಳೇ ಕತೆ ಅಂದವರಿಗೆ



ಹೋದ ತಿಂಗಳು ಆಲೂರು ಕಡೆಯ ಒಂದು ಹಾಸ್ಟೆಲಿನಲ್ಲಿ ಸಂಜೆ ಸೇರಿದ್ದೆವು. ಹೊರಗೆ ಮಳೆ, ಒಳಗೆ ಕರೆಂಟಿಲ್ಲ. ಇಪ್ಪತ್ತು ಹುಡುಗರು ಚಾಪೆ ಮೇಲೆ ಕೂತಿದ್ದರು. ಬರೆದದ್ದನ್ನು ಓದ್ರಪ್ಪ ಅಂದರೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಪಿ.ಯು. ಓದುವ ಒಬ್ಬ ನೋಟ್‌ಬುಕ್ ಬಿಚ್ಚಿ, ಮೊಬೈಲ್ ಬೆಳಕಿನಲ್ಲಿ ಒಂದು ಕತೆ ಓದಿದ. ಕಾಫಿ ತೋಟದ ಕೂಲಿ ಲೈನು, ಅವ್ವ, ಆನೆ. ಆನೆ ಬಂದು ಲೈನಿನ ಗೋಡೆ ಒಡೆಯುತ್ತದೆ. ಶೋಷಣೆಯೇ ಆನೆಯ ರೂಪದಲ್ಲಿ ಬಂದಿದೆ ಎಂದು ಕತೆ ಮುಗಿಯುತ್ತದೆ. ಮುಗಿಯೋ ಹೊತ್ತಿಗೆ ಹಿಂದಿನಿಂದ ಒಂದು ದನಿ: "ಬಿಡೋ ಮಾರಾಯ, ಆನೆ ಕತೆ ಎಷ್ಟು ಸಲ ಕೇಳೋದು? ಪೇಪರಲ್ಲಿ ದಿನಾ ಬರ್ತದೆ." ಎಲ್ಲರೂ ನಕ್ಕರು. ನಾವೂ ನಕ್ಕೆವು, ಮುಚ್ಚಿಡೋದು ಬೇಡ. ಹುಡುಗ ಪುಸ್ತಕ ಮಡಚಿ ಗೋಡೆಗೆ ಒರಗಿದ.

ಊಟಕ್ಕೆ ತಟ್ಟೆ ಹಿಡಿದು ಸಾಲಲ್ಲಿ ನಿಂತಾಗ ಅವನು ಪಕ್ಕಕ್ಕೆ ಬಂದ. "ಅಣ್ಣಾ, ಅದು ನಿಜವಾಗ್ಲೂ ನಡೆದದ್ದು. ಆನೆ ಬರೋದು ಅಕ್ಕಿ ವಾಸನೆಗೆ. ಅದಕ್ಕೇ ನಮ್ಮವ್ವ ಸೊಸೈಟಿ ಅಕ್ಕಿ ತಂದ ದಿನ ಮನೇಲಿ ಇಡೋದಿಲ್ಲ. ಹೊತ್ಕೊಂಡು ಹೋಗಿ ತೋಟದ ಗೋಡೌನಿನಲ್ಲಿ ಇಟ್ಟು ಬರ್ತಾಳೆ. ದಿನಾ ಬೆಳಿಗ್ಗೆ ಹೋಗಿ, ನಮ್ಮ ಅಕ್ಕೀನೇ ಒಂದು ಪಾವು ಕೊಡಿ ಅಂತ ರೈಟರ ಹತ್ರ ಕೇಳ್ಕೊಂಡು ಬರ್ತಾಳೆ. ಅಕ್ಕಿ ಖಾಲಿ ಆಯ್ತು ಅನ್ನೋ ದಿನಾನೇ ನಾವು ನೆಮ್ಮದಿಯಾಗಿ ಮಲಗೋದು."

ಮತ್ತೆ ಇದನ್ನು ಯಾಕೆ ಬರೀಲಿಲ್ಲ ಅಂತ ಕೇಳಿದೆವು.

"ಅಕ್ಕಿ ವಿಷ್ಯ ಅಲ್ವಾಣ್ಣ. ಅದ್ರಲ್ಲಿ ಸಾಹಿತ್ಯ ಏನೈತೆ?"

ಆ ರಾತ್ರಿ ನಮಗೆ ಮುದ್ದೆ ಇಳಿಯಲಿಲ್ಲ. ತನ್ನ ಅಕ್ಕಿಯನ್ನು ತಾನೇ ಬೇಡಿ ತರುವ ತಾಯಿಯನ್ನು ಬಿಟ್ಟು, ಶೋಷಣೆಯ ಆನೆಯನ್ನು ಬರೀಬೇಕು ಅಂತ ಆ ಹುಡುಗನಿಗೆ ಕಲಿಸಿದವರು ಯಾರು? ಮೇಷ್ಟ್ರುಗಳು ಸ್ವಲ್ಪ ಕಲಿಸಿರಬಹುದು. ಉಳಿದದ್ದನ್ನು ನಮ್ಮ ಪದ್ಯಗಳೇ ಕಲಿಸಿವೆ.

ಹಳೇ ಕತೆ ಅನ್ನೋ ಮಾತನ್ನೇ ಮೊದಲು ತಗೊಳ್ಳೋಣ. ನಮ್ಮ ಅಜ್ಜಿಯರು ಹೇಳುತ್ತಿದ್ದ ಒಂದು ಕತೆ ಇದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಯಾರ ಮುಂದೂ ಹಾಡಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಹೋದಾಗ ಎರಡೂ ಹೊರಗೆ ಬಿದ್ದವು. ಕತೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ, ಯಾವನು ಬಂದಿದ್ದ ಅಂತ ಜಗಳ ತೆಗೆದ. ಸಿಟ್ಟಿನಲ್ಲಿ ಹನುಮಂತರಾಯನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಮನೆಗಳಲ್ಲಿ ಆರಿದ ಮೇಲೆ ಆ ಗುಡಿಗೆ ಬಂದು ಹರಟೆ ಹೊಡೆಯುತ್ತಿದ್ದವು. ಇವನ ಮನೆಯ ದೀಪ ತಡವಾಗಿ ಬಂದು, ಯಾಕೆ ತಡವಾಯಿತು ಅಂತ ಎಲ್ಲಾ ಹೇಳಿತು. ಗಂಡನಿಗೆ ನಿಜ ಗೊತ್ತಾಯಿತು. ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಯಾವ ಕತೆ, ಯಾವ ಹಾಡು ಅಂದಳು. ಅಷ್ಟರಲ್ಲಿ ಅವಳು ಮರೆತೇಬಿಟ್ಟಿದ್ದಳು.

ಈ ಕತೆಯನ್ನು ಎ.ಕೆ. ರಾಮಾನುಜನ್ ಕನ್ನಡದ ಜನರ ಬಾಯಿಂದ ಸಂಗ್ರಹಿಸಿದರು. ಅವರಿಂದ ಕೇಳಿ ಗಿರೀಶ್ ಕಾರ್ನಾಡರು 1988ರಲ್ಲಿ 'ನಾಗಮಂಡಲ' ನಾಟಕದ ಬಾಗಿಲಿಗೆ ಇದನ್ನೇ ಇಟ್ಟರು. ಪಾಳುಗುಡಿಯಲ್ಲಿ ದೀಪಗಳು ಸೇರುತ್ತವೆ, ಕತೆಯೇ ಹೆಣ್ಣಾಗಿ ಬರುತ್ತದೆ, ನಿದ್ದೆ ಮಾಡಿದರೆ ಸಾಯುವ ಒಬ್ಬ ನಾಟಕಕಾರ ಕೂತು ಕೇಳುತ್ತಾನೆ. ಕಾರ್ನಾಡರಿಗೆ ಬೇಕಾದದ್ದು ಕತೆಗೂ ಕೇಳುವವನಿಗೂ ಇರುವ ನಂಟು, ಗಂಡನ ಮನೆಯಲ್ಲಿ ಬೀಗ ಹಾಕಿಸಿಕೊಂಡ ಹೆಣ್ಣಿನ ಆಸೆ. ಚೆನ್ನಾಗಿದೆ, ನಾವು ಬೇಡ ಅನ್ನೋದಿಲ್ಲ.

ಅದಕ್ಕೂ ನಾಲ್ಕು ವರ್ಷ ಮೊದಲು, 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂದಿತ್ತು. ಅಲ್ಲೂ ದೀಪಗಳು ಸೇರುತ್ತವೆ. ಅಲ್ಲಿ ಅವು ಜೋತಮ್ಮಗಳು. ಒಂದೊಂದೂ ಒಂದೊಂದು ಮನೆಯ ಒಳಗನ್ನು ಕಂಡಿರುವ ಜೀವ. ಸಾಲದ್ದಕ್ಕೆ ಮಂಚವೂ ಮಾತಾಡುತ್ತದೆ. ಕೇರಿಯ ಚೆನ್ನ, ಮೇಲುಜಾತಿಯ ಕುಸುಮ, ಪ್ರೀತಿ, ಕೊಲೆ. ಇದಕ್ಕಿಂತ ಹಳೇ ಕತೆ ಈ ದೇಶದಲ್ಲಿ ಯಾವುದಿದೆ ಹೇಳಿ! ಪೋಲೀಸ್ ಸ್ಟೇಷನ್ನಿನ ಕಡತ ತೆಗೆದರೆ ಇದೇ ಕತೆ, ಸಿನಿಮಾಕ್ಕೆ ಹೋದರೆ ಇದೇ ಕತೆ. ಮಹಾದೇವ ಮಾಡಿದ್ದೇನು? ಸಾಕ್ಷಿ ಹೇಳುವವರನ್ನು ಬದಲಾಯಿಸಿದರು. ನಮ್ಮವರ ಕೊಲೆಗೆ ಊರಲ್ಲಿ ಸಾಕ್ಷಿ ಹೇಳುವ ಮನುಷ್ಯರು ಸಿಗುವುದಿಲ್ಲ, ಎಲ್ಲರೂ ಬಾಯಿ ಹೊಲಿದುಕೊಳ್ಳುತ್ತಾರೆ. ಮನುಷ್ಯರು ಬಾಯಿ ಬಿಡದ ಊರಿನಲ್ಲಿ ದೀಪ ಮಾತಾಡಬೇಕು, ಮಂಚ ಮಾತಾಡಬೇಕು. ಅಜ್ಜಿ ಕತೆಯ ಹರಟೆ ಮಲ್ಲಿ ದೀಪ ಅಲ್ಲಿ ಕಂಡದ್ದನ್ನು ಹೇಳುವ ಜೀವವಾಯಿತು. ಒಂದೇ ಎಣ್ಣೆ, ಒಂದೇ ಬತ್ತಿ. ಕಾರ್ನಾಡರು ಹಚ್ಚಿದ್ದು ಗುಡಿಯಲ್ಲಿ, ಮಹಾದೇವ ಹಚ್ಚಿದ್ದು ಕೇರಿಯಲ್ಲಿ.

ಅದಕ್ಕೂ ಮೊದಲಿನ 'ಒಡಲಾಳ' ನೋಡಿ. ಕಳವು, ಪೋಲೀಸು, ಬಡವರ ಮನೆ ಜಪ್ತಿ. ಹಳೇದೇ. ಬೇರೆಯವರಾಗಿದ್ದರೆ ಪೋಲೀಸರ ಬೂಟಿನ ಸದ್ದಿನಿಂದ ಶುರು ಮಾಡುತ್ತಿದ್ದರು. ಮಹಾದೇವ ಸಾಕವ್ವನ ಮನೆಯೊಳಗೆ ಕೂತರು. ಕದ್ದು ತಂದ ಕಡಲೆಕಾಯನ್ನು ಮನೆಮಂದಿಯೆಲ್ಲ ರಾತ್ರಿಯಲ್ಲಿ ಸುತ್ತ ಕೂತು ತಿನ್ನುವ ಆ ಸಂಭ್ರಮ! ಓದುವವನಿಗೆ ಮೊದಲು ಹೊಟ್ಟೆ ತುಂಬುತ್ತದೆ, ಕಳ್ಳತನ ಅನ್ನೋದು ಆಮೇಲೆ ನೆನಪಾಗುತ್ತದೆ. ಕಾನೂನು ಬರುವ ಮುಂಚೆ ಹಸಿವನ್ನು ಕೂರಿಸಿದ್ದು, ಅದೇ ಆಯ್ಕೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ನಮ್ಮ ಸಕಲೇಶಪುರ, ಆಲೂರಿನಂಥ ಕಾಫಿ ಸೀಮೆ ಸಾಹಿತ್ಯದಲ್ಲಿ ಬಂದೇ ಇಲ್ಲ ಅಂತ ಹುಡುಗರು ಅಂದುಕೊಂಡಿದ್ದಾರೆ. ಬಂದಿದೆ. 1933ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಸಾಲ ತೀರಿಸೋಕೆ ಅವನ ಮಕ್ಕಳು ಘಟ್ಟ ಹತ್ತಿ ಬರುವುದು ಕಾಫಿ ತೋಟಕ್ಕೇ. ಒಬ್ಬ ಮಗನನ್ನು ಜ್ವರ ತಿನ್ನುತ್ತದೆ, ಇನ್ನೊಬ್ಬ ಜಾತಿ ಬಿಟ್ಟು ಹೋಗುತ್ತಾನೆ, ಮಗಳು ಬೆಳ್ಳಿ ತೋಟದ ರೈಟರನ ಕೈಗೆ ಸಿಗುತ್ತಾಳೆ. ಸಾಲದ ಕತೆ ಹಳೇದು. ಕಾರಂತರು ಏನು ಮಾಡಿದರು? ಚೋಮನಿಗೆ ಭಾಷಣ ಕೊಡಲಿಲ್ಲ, ಒಂದು ದುಡಿ ಕೊಟ್ಟರು. ಎರಡು ಎತ್ತು ಕೊಟ್ಟು, ಉಳೋಕೆ ನೆಲ ಕೊಡಲಿಲ್ಲ. ಎತ್ತು ಇದೆ, ನೆಲ ಇಲ್ಲ ಅನ್ನೋ ಆ ಒಂದು ಚಿತ್ರ ಎಷ್ಟು ಕರಪತ್ರಕ್ಕೆ ಸಮ! 1975ರಲ್ಲಿ ಅದು ಬಿ.ವಿ. ಕಾರಂತರ ಕೈಯಲ್ಲಿ ಸಿನಿಮಾ ಆಯಿತು, ಸ್ವರ್ಣಕಮಲ ಬಂತು. ಆದರೂ ಒಂದು ಮಾತು ಹೇಳಬೇಕು. ಆ ಕಾದಂಬರಿಯಲ್ಲಿ ನಮ್ಮ ಘಟ್ಟ ಅಂದರೆ ಮಕ್ಕಳನ್ನು ನುಂಗುವ ಜಾಗ. ಲೈನಿನಲ್ಲಿ ಒಲೆ ಹಚ್ಚುವವರ ಮಾತು ನಮಗೆ ಅಷ್ಟಾಗಿ ಕೇಳಿಸುವುದಿಲ್ಲ.

ಐದು ವರ್ಷ ಆದ ಮೇಲೆ, 1938ರಲ್ಲಿ, 'ಕಾಂತಾಪುರ' ಇಂಗ್ಲಿಷಿನಲ್ಲಿ ಬಂತು. ಬರೆದ ರಾಜಾರಾವ್ 1908ರಲ್ಲಿ ನಮ್ಮ ಹಾಸನದಲ್ಲೇ ಹುಟ್ಟಿದವರು. ಬಿ.ಎ. ಇಂಗ್ಲಿಷ್ ಓದುವ ಗೆಳೆಯರು ನೋಟ್ಸ್ ಬಾಯಿಪಾಠ ಮಾಡಿರುತ್ತೀರಿ, ಆದರೆ ಅದರಲ್ಲಿ ಹರಿಯುವ ಹೊಳೆ ನಮ್ಮ ಹೇಮಾವತಿಯ ಹೆಸರಿನದು ಅಂತ ಯಾರಾದರೂ ನಿಮಗೆ ಹೇಳಿದರೇ? ಊರು ಕಾಯುವ ದೇವತೆ ಕೆಂಚಮ್ಮ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಜಾತ್ರೆ ಕಂಡವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊರೆಗಳ ಕಾಫಿ ಎಸ್ಟೇಟು ಇದೆ, ಮೇಸ್ತ್ರಿ ಇದ್ದಾನೆ, ಕೆಳಗಿನ ಸೀಮೆಯಿಂದ ಬರುವ ಕೂಲಿಗಳಿದ್ದಾರೆ. ಕತೆ ಏನು? ಗಾಂಧಿ ಚಳವಳಿ. ಆ ಕಾಲಕ್ಕೆ ಎಲ್ಲರೂ ಬರೆಯುತ್ತಿದ್ದ ಕತೆ. ರಾಜಾರಾಯರ ಜಾಣತನ ಏನಂದರೆ, ಅದನ್ನು ಒಬ್ಬ ಅಜ್ಜಿಯ ಬಾಯಿಗೆ ಕೊಟ್ಟರು. ಜಗಲಿ ಮೇಲೆ ಕೂತ ಅಚ್ಚಕ್ಕ ಸ್ಥಳಪುರಾಣ ಹೇಳುವ ಹಾಗೆ ಎಲ್ಲಾ ಹೇಳುತ್ತಾಳೆ. ಗಾಂಧಿಯೂ ಪುರಾಣ, ಲಾಠಿಯೂ ಪುರಾಣ. ಇಂಗ್ಲಿಷು ನಮ್ಮ ಅಜ್ಜಿಯರ ಉಸಿರಿನಲ್ಲಿ ಓಡುತ್ತದೆ. ದೊಡ್ಡ ಕೆಲಸ, ಒಪ್ಪಿಕೊಳ್ಳಬೇಕು.

ಆದರೆ ಅಚ್ಚಕ್ಕ ಅಗ್ರಹಾರದ ಅಜ್ಜಿ. ಅವಳ ಜಗಲಿಯಿಂದ ಎಷ್ಟು ಕಾಣುತ್ತದೋ ಅಷ್ಟೇ ನಮಗೂ ಕಾಣೋದು. ಮೂರ್ತಿ ಅನ್ನೋ ಬ್ರಾಹ್ಮಣ ಹುಡುಗ ಹೊಲಗೇರಿಯ ರಾಚಣ್ಣನ ಮನೆಯೊಳಗೆ ಮೊದಲ ಸಲ ಕಾಲಿಡುತ್ತಾನೆ. ಕೈ ಕಾಲು ನಡುಗುತ್ತದೆ. ಕುಡಿಯೋಕೆ ಹಾಲು ಕೊಡುತ್ತಾರೆ, ಗಂಟಲಲ್ಲಿ ಇಳಿಯೋದಿಲ್ಲ. ಮೂರ್ತಿಯ ನಡುಕ ಪೂರಾ ಗೊತ್ತಾಗುತ್ತದೆ. ಹಾಲು ಕೊಟ್ಟ ಆ ಮನೆಯ ಹೆಂಗಸು ಲೋಟದ ಕಡೆ ನೋಡುತ್ತಾ ಏನಂದುಕೊಂಡಳು? ಆ ಹಾಲು ಎಲ್ಲಿಂದ ತಂದಳು, ಯಾವ ಮಗುವಿನದು ತಪ್ಪಿಸಿ ತಂದಳು? ಅದು ಅಚ್ಚಕ್ಕನಿಗೆ ಗೊತ್ತಿಲ್ಲ. ರಾಜಾರಾಯರನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ಹೇಳುವವರನ್ನು ಆರಿಸಿದ ಕೂಡಲೇ ಒಂದು ಬಾಗಿಲು ತೆರೆಯಿತು, ಒಂದು ಬಾಗಿಲು ಮುಚ್ಚಿತು. ಮುಚ್ಚಿದ ಆ ಬಾಗಿಲು ಇವತ್ತಿಗೂ ಹಾಗೇ ಇದೆ. ಆ ಲೋಟದಿಂದ ಯಾರಾದರೂ ಒಂದು ಕತೆ ಶುರು ಮಾಡಬಹುದು. ಎಂ.ಎ. ಮಾಡುವವರು ಥೀಸಿಸ್ ಬರೆಯೋದಕ್ಕಿಂತ ಅದು ಒಳ್ಳೇದು.

ಪುರಾಣವನ್ನೇ ತಿರುಗಿಸಿದವರೂ ಇದ್ದಾರೆ. ಶಂಬೂಕನ ಕತೆಯಲ್ಲಿ ಬಾಣ ಎತ್ತ ಹೋಗುತ್ತದೆ ಅಂತ ನಮಗೆ ಗೊತ್ತು, ನಮ್ಮ ಕೊರಳಿಗೇ. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ಆ ಬಾಣದ ದಿಕ್ಕು ತಿರುಗಿಸಿದರು. ಅದು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಯಿತು. ರಾಮ ಅವನೇ, ಕಾಡು ಅದೇ, ಬಿಲ್ಲು ಅದೇ. ಬಾಣ ಮಾತ್ರ ಬೇರೆ ಕಡೆ. ಪುರಾಣವನ್ನು ಹಾಗೆಲ್ಲಾ ಬದಲಿಸಬಹುದೇ ಅಂತ ಆಗ ದೊಡ್ಡವರೇ ತಕರಾರು ತೆಗೆದರು. ತಕರಾರು ಬಂತು ಅಂದರೆ ಬಾಣ ತಾಗಿತು ಅಂತಲೇ ಅರ್ಥ.

ಇತ್ತೀಚಿನದು ಬೇಕೇ? ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು, ದೀಪಾ ಭಾಸ್ತಿ ಅನುವಾದ ಮಾಡಿದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ. ಆ ಹೆಸರಿನ ಕತೆ ಕನ್ನಡದಲ್ಲಿ 'ಎದೆಯ ಹಣತೆ'. ಗಂಡನಿಗೆ ಬೇಡವಾದವಳು ತವರಿಗೆ ಬರುತ್ತಾಳೆ, ತವರಿನವರು ತಿರುಗಿ ಅಟ್ಟುತ್ತಾರೆ. ಸಾವಿರ ಸಲ ಕೇಳಿದ್ದೇವೆ, ನಮ್ಮ ಅಕ್ಕಂದಿರಲ್ಲೇ ಕಂಡಿದ್ದೇವೆ. ಸೀಮೆಎಣ್ಣೆ ಕೈಗೆ ಬಂದ ಹೊತ್ತಿನಲ್ಲಿ ಬಾನು ಅವರು ಎದುರಿಗೆ ನಿಲ್ಲಿಸಿದ್ದು ಗಂಡನನ್ನಲ್ಲ, ಜಮಾತನ್ನಲ್ಲ, ದೊಡ್ಡ ಮಗಳನ್ನು. ಅಲ್ಲಿಗೆ ಆ ಕತೆ ಅವರದೇ ಆಯಿತು.

ನಮ್ಮ ಬುಡಕ್ಕೂ ಬರೋಣ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಊರೂರಲ್ಲಿ ಗಲಾಟೆಯಾಯಿತು, ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಬಿಟ್ಟರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಆ ಮಾತುಗಳು ಬಿಸಿ ಬಿಸಿ ಇದ್ದವು. ಅವರು ಅವನ್ನು ಕೇರಿಯಿಂದ ತಂದಿದ್ದರು. ನಾವು ಅವರ ಪುಸ್ತಕದಿಂದ ತರುತ್ತಿದ್ದೇವೆ. ಬೆಂಕಿ, ಕೆಂಡ, ನೆತ್ತರು, ಸೂರ್ಯ. ಈ ಪತ್ರಿಕೆಗೆ ಬರುವ ಪದ್ಯಗಳಲ್ಲಿ ಸೂರ್ಯ ಹುಟ್ಟದ ಪದ್ಯ ಹುಡುಕಬೇಕು. ನಾವೇ ಬರೆದ ಹಳೇ ಪದ್ಯ ಒಂದನ್ನು ಮೊನ್ನೆ ತೆಗೆದು ನೋಡಿದರೆ ಹದಿನಾಲ್ಕು ಸಾಲಿನಲ್ಲಿ ಮೂರು ಸಲ ಕೆಂಡ ಇತ್ತು. ನಮ್ಮ ನೋವು ನಿಜ, ಅದರಲ್ಲಿ ಅನುಮಾನ ಬೇಡ. ನೋವು ನಿಜವಾದ ಮಾತ್ರಕ್ಕೆ ಪದ್ಯ ನಿಜವಾಗೋದಿಲ್ಲ. ಎಲ್ಲಿ ನಿಂತು ಹೇಳೋದು, ಯಾರ ಬಾಯಲ್ಲಿ ಹೇಳಿಸೋದು, ಯಾವುದನ್ನು ಹೇಳದೆ ಬಿಡೋದು, ಇದನ್ನು ಕೂತು ಯೋಚಿಸೋದು ಬೂರ್ಜ್ವಾಗಳ ಕೆಲಸ ಅಂತ ಕೆಲವು ಗೆಳೆಯರು ಅನ್ನುತ್ತಾರೆ. ಚಪ್ಪಲಿ ಹೊಲಿಯುವ ನಮ್ಮ ತಾತಂದಿರು ಯಾವ ತೊಗಲು ಅಂಗಾಲಿಗೆ, ಯಾವುದು ಪಟ್ಟಿಗೆ ಅಂತ ನೋಡದೆ ಹೊಲಿದರೇ?

ಆನೆ ಕತೆಗೇ ಬರೋಣ. ಪೇಪರಿನಲ್ಲಿ ಬರುವ ಆನೆ ಕತೆ ತೋಟದ ಮಾಲೀಕರ ಕತೆ: ಇಷ್ಟು ಗಿಡ ಹೋಯಿತು, ಇಷ್ಟು ಬಾಳೆ ಹೋಯಿತು, ಪರಿಹಾರ ಇಷ್ಟು. ಅರಣ್ಯ ಇಲಾಖೆಯ ಕತೆ ಇನ್ನೊಂದು: ಎಷ್ಟು ಆನೆ, ಎಷ್ಟು ಹಿಡಿದೆವು, ಎಲ್ಲಿಗೆ ಸಾಗಿಸಿದೆವು. ಪರಿಸರದವರದು ಮತ್ತೊಂದು. ಆ ಹುಡುಗನ ಅವ್ವ ಇವರ ಲೆಕ್ಕದಲ್ಲಿ ಬರೋದು ಸತ್ತರೆ ಮಾತ್ರ. ಅವಳ ಲೆಕ್ಕವೇ ಬೇರೆ. ಅಕ್ಕಿ ಒಳಗಿದ್ದರೆ ಆನೆ, ಹೊರಗಿದ್ದರೆ ರೈಟರು. ಎರಡರಲ್ಲಿ ಯಾವುದರ ಮುಂದೆ ಕೈಯೊಡ್ಡೋದು ಅಂತ ಅವಳು ತಿಂಗಳಿಗೊಂದು ಸಲ ತೀರ್ಮಾನ ಮಾಡುತ್ತಾಳೆ. ಇದು ಇಲ್ಲೀವರೆಗೆ ಯಾರೂ ಬರೆಯದ ಆನೆ ಕತೆ, ಅಂತ ನಮ್ಮ ಎಣಿಕೆ.

ಆ ರಾತ್ರಿ ಅವನಿಗೆ ಇಷ್ಟೇ ಹೇಳಿದೆವು: ಗೋಡೆ ಒಡೆಯೋದನ್ನು ಆಮೇಲೆ ನೋಡೋಣ, ಮೊದಲು ಗೋಡೌನಿನ ಬಾಗಿಲಲ್ಲಿ ನಿನ್ನವ್ವ ಎಷ್ಟು ಹೊತ್ತು ನಿಲ್ತಾಳೆ, ಅದನ್ನು ಬರಿ. ಅವಳು ಚೀಲ ಕಟ್ಟೋ ಗಂಟು ಎಂಥದು, ರೈಟರು ಬಿಚ್ಚಿದ್ದರೆ ಅವಳಿಗೆ ಗೊತ್ತಾಗ್ತದಾ, ಅದನ್ನು ಕೇಳು. ಹಿಂದಿನಿಂದ ಕೂಗಿದ ಹುಡುಗನೂ ಪಕ್ಕದಲ್ಲೇ ಊಟ ಮಾಡ್ತಿದ್ದ. ತಟ್ಟೆ ತೊಳೆಯೋಕೆ ಎದ್ದವನು, "ನಮ್ಮ ಲೈನಲ್ಲೂ ಹಂಗೇ ಕಣೋ, ಆದ್ರೆ ನಮ್ಮಜ್ಜಿ ಅಕ್ಕೀನ ಹಲಸಿನ ಮರಕ್ಕೆ ಕಟ್ತಾಳೆ" ಅಂದ. ಇಬ್ಬರೂ ನಲ್ಲಿ ಹತ್ತಿರ ತುಂಬ ಹೊತ್ತು ಮಾತಾಡ್ತಾ ನಿಂತಿದ್ದರು.

ಮೊನ್ನೆ ಹುಡುಗ ಫೋನು ಮಾಡಿದ್ದ. ಮೂರನೇ ಸಲ ಬರೀತಿದ್ದಾನಂತೆ. "ಅಣ್ಣಾ, ಈ ಸಲ ಆನೆ ಬರೋದೇ ಬೇಡ ಅನ್ನಿಸ್ತದೆ. ಬರ್ತದೆ ಅಂತ ಎಲ್ರೂ ಕಾಯ್ತಾ ಇರ್ಲಿ" ಅಂದ. ಬರಲಿ ಬಿಡಲಿ, ಮುಂದಿನ ಸಭೆಯಲ್ಲಿ ಮೊದಲು ಓದೋನು ಅವನೇ.