ಕಟ್ಟಿಸುವವರು ಒಬ್ಬರು, ಬಿಲ್ಲು ತೆರುವವರು ಮತ್ತೊಬ್ಬರು

ವರ್ಷಾಂತ್ಯದ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಹಂಪಾಪುರದ ವರ್ತಕ ಬಂಧುಗಳ ಖರ್ಚಿನಲ್ಲಿ ವಿದ್ಯುತ್ ಬಾಬ್ತು ಹಿಗ್ಗುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ಇದಕ್ಕೆ ದರವಷ್ಟೇ ಕಾರಣವಲ್ಲ, ಕಟ್ಟಡವೂ ಕಾರಣ. ಮಳಿಗೆ ಕಟ್ಟಿಸುವ ಮಾಲೀಕರು ಬಿಲ್ಲು ತೆರುವುದಿಲ್ಲ. ಬಿಲ್ಲು ತೆರುವ ಬಾಡಿಗೆದಾರರನ್ನು ನಕ್ಷೆ ತಯಾರಿಸುವಾಗ ಯಾರೂ ಕೇಳುವುದಿಲ್ಲ. ಹೀಗಾಗಿ ಪಶ್ಚಿಮದ ಬಿಸಿಲಿಗೆ ಪೂರ್ತಿ ಗಾಜು, ನೆತ್ತಿಯ ಮೇಲೆ ಬರಿಯ ತಗಡು ಎಂಬಂತಾಗಿದೆ.

ಸಾಮಾನ್ಯ ಲೆಕ್ಕವೊಂದನ್ನು ನೋಡೋಣ. ಹವಾನಿಯಂತ್ರಣ ಯಂತ್ರವೊಂದು ಗಂಟೆಗೆ ಒಂದೂಕಾಲು ಯೂನಿಟ್‌ನಂತೆ ದಿನಕ್ಕೆ 8 ಗಂಟೆ, ವರ್ಷಕ್ಕೆ 150 ದಿನ ನಡೆದರೆ 1,500 ಯೂನಿಟ್ ಆಗುತ್ತದೆ. ಯೂನಿಟ್‌ಗೆ 8 ರೂ. ಎಂದು ಹಿಡಿದರೂ 12,000 ರೂ.; ಹತ್ತು ವರ್ಷಕ್ಕೆ 1,20,000 ರೂ. ಈ ಖರ್ಚು ಆದಾಯ ತೆರಿಗೆಯಲ್ಲಿ ಕಡಿತವಾಗುತ್ತದೆಂದು ಸಮಾಧಾನಪಡುವವರುಂಟು. ಆದರೆ ಉಳಿಯುವುದು ತೆರಿಗೆಯ ಪಾಲು ಮಾತ್ರ. ಮಿಕ್ಕದ್ದು ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ.

ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲಿ ಸೂರ್ಯನು ನಡುಹಗಲು ನೆತ್ತಿಯ ಮೇಲೆಯೇ ಇರುತ್ತಾನೆ. ಆದ್ದರಿಂದ ಮೊದಲು ತಾರಸಿಗೆ ಸುಣ್ಣದ ಬಿಳುಪು ಇಲ್ಲವೇ ಶಾಖ ತಡೆಯುವ ಹೊದಿಕೆ ಅವಶ್ಯ. ರಸ್ತೆಯ ಕಾರಣದಿಂದ ಮಳಿಗೆಯ ಮುಖ ಪಶ್ಚಿಮಕ್ಕೇ ಇರಬೇಕಾದಲ್ಲಿ, ಹಳೆಯ ಅಂಗಡಿಗಳ ಜಗಲಿಯಂತೆ ಮುಂಚಾಚಿದ ನೆರಳು ಬೇಕು. ಬಿಸಿಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಕಿಂಡಿ ಇರಬೇಕು.

ಇದು ನಮಗೆ ಹೊಸ ವಿದ್ಯೆಯಲ್ಲ. ಕಾದ ಗಾಳಿ ಮೇಲೇರಿ ಹೊರಹೋಗುವುದೆಂಬುದನ್ನು ತಂಬಾಕು ಹದಗೊಳಿಸುವ ಬ್ಯಾರನ್ ಕಂಡವರೆಲ್ಲ ಬಲ್ಲರು. ವಾಸ್ತುಶಿಲ್ಪಿ ಸಂಜಯ್ ಮೊಹೆಯವರು ರೂಪಿಸಿದ ಬೆಂಗಳೂರಿನ ದೊಮ್ಮಲೂರಿನ ಟೆರಿ ಸಂಸ್ಥೆಯ ಕಟ್ಟಡವೂ ಇದೇ ತತ್ತ್ವವನ್ನು ಬಳಸಿಕೊಂಡಿದೆ. ಅಲ್ಲಿ ದಕ್ಷಿಣಕ್ಕೆ ದುರ್ನಾತದ ಚರಂಡಿಯಿದ್ದುದರಿಂದ ಆ ಕಡೆ ಕಿಟಕಿಗಳಿಲ್ಲದ ಜೋಡಿ ಗೋಡೆ ಕಟ್ಟಲಾಯಿತು. ಬಿಸಿಲಿಗೆ ಕಾದ ಆ ಗೋಡೆಯ ನಡುವಿನ ಗಾಳಿ ಮೇಲೇರಿದಂತೆ, ಉತ್ತರದಿಂದ ತಂಪುಗಾಳಿ ಒಳಬರುತ್ತದೆ. ನಿವೇಶನದ ಕೊರತೆಯನ್ನೂ ಅನುಕೂಲವಾಗಿ ಮಾರ್ಪಡಿಸಬಹುದೆಂಬುದಕ್ಕೆ ಇದು ನಿದರ್ಶನ.

ಕೇಂದ್ರ ಸರ್ಕಾರವು 2007ರಲ್ಲಿ ಹೊರತಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಹೆಚ್ಚಿನ ವಿದ್ಯುತ್ ಹೊರೆಯ ದೊಡ್ಡ ಕಟ್ಟಡಗಳನ್ನು ಉದ್ದೇಶಿಸಿದ್ದು. ನಮ್ಮ ಸಣ್ಣ ಮಳಿಗೆಗಳ ಹೊಣೆಯನ್ನು ನಾವೇ ಹೊರಬೇಕಾಗಿದೆ. ಬಾಡಿಗೆ ಕರಾರು ಬರೆಯುವಾಗ ಬಾಡಿಗೆಯ ಜೊತೆಗೆ ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲನ್ನೂ ಕೇಳಿ ನೋಡುವುದು ರೂಢಿಗೆ ಬರಲಿ. ತಂಪಾದ ಮಳಿಗೆಗೆ ತುಸು ಹೆಚ್ಚು ಬಾಡಿಗೆ ಕೊಟ್ಟರೂ ವರ್ತಕರಿಗೆ ನಷ್ಟವಿಲ್ಲ, ಕಟ್ಟಿಸಿದವರ ಬಂಡವಾಳವೂ ಮರಳುತ್ತದೆ. ಆಗ ನಕ್ಷೆ ತಾನಾಗಿಯೇ ಬದಲಾದೀತೆಂಬುದು ನನ್ನ ದೃಢವಾದ ಅಭಿಪ್ರಾಯ.